ಸುರಂಗದ ನೀರು, ಉರಿಯದ ದೀಪ: ಮೋಟರ್‌ಹೋಮ್ ಟ್ಯಾಂಕ್ ಸೆನ್ಸರ್‌ಗಳ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡಿಕೆ ಕೃಷಿಕರ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಒಂದು ಉಂಟು. ದೊಡ್ಡ ವ್ಯಾನಿನ ಚಾಸಿಸ್ ಮೇಲೆ ಕಟ್ಟಿದ ಗಾಡಿ. ಒಳಗೆ ಎರಡು ಮಂಚ, ಸಣ್ಣ ಅಡಿಗೆ ಕಟ್ಟೆ, ಸ್ನಾನಕ್ಕೆ ಒಂದು ಮೂಲೆ, ಪೆಟ್ಟಿಗೆ ಎಳೆದು ತೆಗೆದು ಖಾಲಿ ಮಾಡುವಂಥ ಕ್ಯಾಸೆಟ್ ಟಾಯ್ಲೆಟ್. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಶುರು ಮಾಡಿದಾಗ ಇವರಿಗೂ ಆಸೆ ಹುಟ್ಟಿತಂತೆ. ಮನೆಯವರು ಬೇಕಲ, ರಾಣಿಪುರಂ, ಮಡಿಕೇರಿ ಅಂತ ಅದರಲ್ಲೇ ಓಡಾಡುತ್ತಾರೆ. ನೆಂಟರು ಕೇಳಿದರೆ ಅವರಿಗೂ ಕೊಡುತ್ತಾರೆ.

ಗಾಡಿಯ ಅಡಿಯಲ್ಲಿ ಎರಡು ಪ್ಲಾಸ್ಟಿಕ್ ಟ್ಯಾಂಕ್. ಎಡಕ್ಕೆ 120 ಲೀಟರಿನ ಒಳ್ಳೆ ನೀರಿನ ಟ್ಯಾಂಕ್. ಬಲಕ್ಕೆ 80 ಲೀಟರಿನ ಕೊಳೆ ನೀರಿನ ಟ್ಯಾಂಕ್; ಪಾತ್ರೆ ತೊಳೆದದ್ದು, ಮಿಂದದ್ದು ಎಲ್ಲ ಅಲ್ಲಿಗೆ ಹೋಗುತ್ತದೆ. ಬಾಗಿಲ ಪಕ್ಕದಲ್ಲಿ ಒಂದು ಪ್ಯಾನಲ್. ಪ್ರತಿ ಟ್ಯಾಂಕಿಗೆ ಮೂರು ಸಣ್ಣ ದೀಪ: ಮೂರನೇ ಒಂದು ಪಾಲು, ಮೂರನೇ ಎರಡು ಪಾಲು, ಪೂರ್ತಿ. ಕ್ಯಾಸೆಟ್ ಟಾಯ್ಲೆಟ್ ತುಂಬಿದರೆ ತೋರಿಸುವ ಕೆಂಪು ದೀಪ ಅದರಲ್ಲೇ ಇತ್ತು, ಸರಿಯಾಗಿಯೂ ಇತ್ತು. ಹಾಗಾಗಿ ಅದು ಈ ಕಥೆಯಲ್ಲಿ ಬರುವುದಿಲ್ಲ.

ಹೊಂಡ ಬಿದ್ದ ರಸ್ತೆಯಲ್ಲಿ ಓಡಿ ಓಡಿ ಕೊಳೆ ಟ್ಯಾಂಕ್ ಹಿಡಿದಿದ್ದ ಕಬ್ಬಿಣದ ಪಟ್ಟಿ ಒಂದು ದಿನ ತುಂಡಾಯಿತು. ವೆಲ್ಡಿಂಗಿಗೆ ಕೊಟ್ಟರು. ಅಲ್ಲಿ ಹೊಸ ಫ್ರೇಮ್ ಕಟ್ಟಲು ಎರಡೂ ಟ್ಯಾಂಕ್ ಇಳಿಸಿದರು. ಫ್ರೇಮ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ವಯರ್‌ಗಳಿಗೆ ಗುರುತು ಹಾಕದೆ ಎಳೆದು ಬಿಚ್ಚಿದ್ದರು. ಮತ್ತೆ ಟ್ಯಾಂಕ್ ಕೂರಿಸಿ, ಮೂರು ವಯರನ್ನು ಅಂದಾಜಿನಲ್ಲಿ ಸಿಕ್ಕಿಸಿ, ಉಳಿದದ್ದಕ್ಕೆ ಟೇಪ್ ಸುತ್ತಿ ಬಿಟ್ಟಿದ್ದರು.

ಗಾಡಿ ನನ್ನ ಹತ್ತಿರ ಬಂದಾಗ ಒಳ್ಳೆ ನೀರಿನ ಟ್ಯಾಂಕ್ ತುಂಬಿತ್ತು, ಅದರ ಒಂದು ದೀಪವೂ ಉರಿಯುತ್ತಿರಲಿಲ್ಲ. ಕೊಳೆ ಟ್ಯಾಂಕ್ ಖಾಲಿ ಇತ್ತು, ಅದರ ಮೂರನೇ ಎರಡರ ದೀಪ ಉರಿಯುತ್ತಿತ್ತು.

“ಪ್ಯಾನಲ್ ಹೋಗಿದೆ ಕಾಣ್ತದೆ, ಹೊಸತು ಹಾಕಿ ಬಿಡುವನಾ?” ಅಂದರು ಮನೆಯ ಹಿರಿಯರು.

“ಹೋಗಿರಲಿಕ್ಕಿಲ್ಲ ಮಾವ. ಮೊದಲು ಅದಕ್ಕೆ ಅಡಿಯಿಂದ ಸರಿಯಾದ ಸುದ್ದಿ ಬರ್ತಾ ಉಂಟಾ ಅಂತ ನೋಡುವ,” ಅಂದೆ.

ಇಂಥ ಕೆಲಸದಲ್ಲಿ ನನ್ನ ನಂಬಿಕೆ ಇದು. ಪ್ಯಾನಲಿನಿಂದ ಟ್ಯಾಂಕಿನವರೆಗಿನ ವಯರ್ ಮಾತ್ರ ಸರ್ಕೀಟ್ ಅಲ್ಲ. ಟ್ಯಾಂಕಿನೊಳಗಿನ ನೀರೂ ಸರ್ಕೀಟಿನ ಒಂದು ತುಂಡು. ಅದನ್ನು ಅಳೆಯದೆ ಪ್ಯಾನಲ್ ಬದಲಿಸಿದರೆ ದುಡ್ಡು ದಂಡ.

ಎಂಥ ಸೆನ್ಸರ್ ಅಂತ ಮೊದಲು ಗೊತ್ತಾಗಬೇಕು

ಟ್ಯಾಂಕಿನ ಮಟ್ಟ ತೋರಿಸಲು ಸಾಮಾನ್ಯವಾಗಿ ಮೂರು ದಾರಿ ಇವೆ. ಒಂದು, ತೇಲುವ ಬುರುಡೆ ಇರುವ ಸೆನ್ಸರ್. ಬುರುಡೆ ಮೇಲೆ ಕೆಳಗೆ ಹೋದ ಹಾಗೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಬದಲಾಗುತ್ತದೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಅಮೆರಿಕದ ಅಳತೆಯದ್ದಾದರೆ ಖಾಲಿಗೆ 240 ಓಮ್, ಪೂರ್ತಿಗೆ 33 ಓಮ್. ಯುರೋಪಿನದ್ದಾದರೆ ಖಾಲಿಗೆ 10, ಪೂರ್ತಿಗೆ 180. ಎರಡನೆಯದು, ಟ್ಯಾಂಕಿನ ಹೊರಮೈಗೆ ಅಂಟಿಸುವ ಪಟ್ಟಿ. ಅದು ನೀರನ್ನು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಗೋಡೆಯ ಆಚೆ ನೀರಿದೆಯೋ ಗಾಳಿಯಿದೆಯೋ ಅಂತ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣದ ಮೂಲಕ ತಿಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಸರಳ: ಟ್ಯಾಂಕಿನ ಗೋಡೆಗೆ ಬೇರೆ ಬೇರೆ ಎತ್ತರದಲ್ಲಿ ತೂತು ಕೊರೆದು ಕೂರಿಸಿದ ಸ್ಕ್ರೂಗಳು. ತಳದ ಸ್ಕ್ರೂ ಕಾಮನ್, ಅಂದರೆ ಮೇಲಿನ ಎಲ್ಲ ಸ್ಕ್ರೂಗಳಿಗೂ ಅದೊಂದೇ ಜೊತೆ. ನೀರು ಏರಿ ಮೇಲಿನ ಸ್ಕ್ರೂ ಮುಟ್ಟಿದಾಗ ಎರಡರ ನಡುವೆ ನೀರಿನ ಮೂಲಕ ಒಂಚೂರು ಕರೆಂಟ್ ಹರಿಯುತ್ತದೆ. ಅಷ್ಟು ಸಾಕು, ಪ್ಯಾನಲಿನಲ್ಲಿ ಆ ಮಟ್ಟದ ದೀಪ ಹೊತ್ತುತ್ತದೆ.

ಈ ಗಾಡಿಯದ್ದು ಮೂರನೆಯ ಜಾತಿ. ಎರಡೂ ಟ್ಯಾಂಕಿನ ಗೋಡೆಯಲ್ಲಿ ನಾಲ್ಕು ನಾಲ್ಕು ಸ್ಕ್ರೂ, ಒಂದರ ನೇರ ಮೇಲೆ ಇನ್ನೊಂದು ಬಾರದ ಹಾಗೆ ಸ್ವಲ್ಪ ಓರೆಯಾಗಿ. ಹಾಗೆ ಓರೆಯಾಗಿ ಕೂರಿಸುವುದಕ್ಕೆ ಕಾರಣ ಉಂಟು. ನೇರ ಸಾಲಿನಲ್ಲಿದ್ದರೆ ಗೋಡೆಯಿಂದ ಇಳಿಯುವ ಒಂದೇ ಹನಿ ಎಲ್ಲ ಸ್ಕ್ರೂಗಳನ್ನೂ ಕೂಡಿಸಿ ಬಿಡುತ್ತದೆ.

ಹನ್ನೆರಡು ತುದಿಗಳು

ನೆಲದ ಒಂದೇ ತೂತಿನಿಂದ ಹನ್ನೆರಡು ವಯರ್ ಕೆಳಗೆ ಬಂದಿದ್ದವು. ಕ್ಯಾಬಿನಿನ ಒಳಗೆ ಬೇರೆ ಬೇರೆ ಬಣ್ಣ. ಆದರೆ ಗಾಡಿ ಕಟ್ಟಿದವರು ನೆಲದ ಕೆಳಗೆ ಎಲ್ಲವನ್ನೂ ಕಪ್ಪು ವಯರಿನಿಂದ ಉದ್ದ ಮಾಡಿದ್ದರು. ಬಣ್ಣ ನೋಡಿ ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ದಪ್ಪ ನೋಡಿದೆ. ನಾಲ್ಕು ವಯರ್ ದಪ್ಪ, ಎಂಟು ಸಪೂರ. ಪಂಪ್, ವಾಲ್ವ್, ದೀಪ ಇವಕ್ಕೆ ಕರೆಂಟ್ ಜಾಸ್ತಿ ಬೇಕು, ಹಾಗಾಗಿ ದಪ್ಪ ವಯರ್ ಹಾಕುತ್ತಾರೆ. ಸೆನ್ಸರಿಗೆ ಒಂದು ಮಿಲಿ ಆಂಪಿಯರೂ ಬೇಡ. ಎರಡು ಟ್ಯಾಂಕಿಗೆ ನಾಲ್ಕರಂತೆ ಎಂಟು ಸ್ಕ್ರೂ, ಎಂಟು ಸಪೂರ ವಯರ್. ಲೆಕ್ಕ ಕೂಡಿತು. ಆದರೆ ದಪ್ಪ ನೋಡಿ ಊಹೆ ಮಾಡಬಹುದು, ತೀರ್ಮಾನ ಮಾಡಬಾರದು. ಯಾಕೆಂದರೆ ಅಂದಾಜಿನಲ್ಲಿ ಸಿಕ್ಕಿಸಿದ್ದ ಮೂರು ವಯರ್‌ಗಳಲ್ಲಿ ಒಂದು ದಪ್ಪದ್ದು, ಅದೂ ಒಳ್ಳೆ ನೀರಿನ ಟ್ಯಾಂಕಿನ ಸ್ಕ್ರೂಗೆ. ಅದು ಎಲ್ಲಿಂದ ಬಂದದ್ದು ಅಂತ ತಿಳಿಯಲೇಬೇಕಿತ್ತು.

ಮೂರನ್ನೂ ಬಿಚ್ಚಿ, ಹನ್ನೆರಡು ತುದಿಗೂ ನಂಬರ್ ಅಂಟಿಸಿದೆ. ಒಂದಕ್ಕೊಂದು ತಾಗದ ಹಾಗೆ ಹರಡಿ ಕಟ್ಟಿದೆ. ಆಮೇಲೆ ಒಳಗೆ ಪ್ಯಾನಲಿನ ಸ್ವಿಚ್ ಹಾಕಿಸಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿ ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಗಾಡಿಯ ಲೋಹದ ಮೈಗೆ, ಕೊಟ್ಟು ಒಂದೊಂದನ್ನೇ ಮುಟ್ಟಿದೆ.

ಇಲ್ಲಿ ಹೊಸಬರು ಹೆದರುವ ಒಂದು ವಿಷಯ ಉಂಟು. ಸಪೂರ ವಯರ್‌ಗಳಲ್ಲಿ ಆರರಲ್ಲಿ ಮೀಟರ್ ಹತ್ತಿರ ಹತ್ತಿರ 12 ವೋಲ್ಟ್ ತೋರಿಸಿತು. ನೋಡಿದರೆ ಬ್ಯಾಟರಿಯಿಂದ ನೇರ ಬಂದ ಲೈವ್ ವಯರ್ ಅಂತಲೇ ಅನಿಸುತ್ತದೆ. ಆದರೆ ಅದೇ ವಯರಿಗೆ 5 ವ್ಯಾಟಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಬಲ್ಬು ಮಿಣುಕಲೂ ಇಲ್ಲ. ಪ್ಯಾನಲಿನೊಳಗೆ ಪ್ರತಿ ಸೆನ್ಸರ್ ವಯರಿಗೂ ದೊಡ್ಡ ರೆಸಿಸ್ಟರ್ ಇರುತ್ತದೆ. ಡಿಜಿಟಲ್ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಬಲ್ಬಿಗೆ ಅರ್ಧ ಆಂಪಿಯರಿನಷ್ಟು ಬೇಕು, ಆ ರೆಸಿಸ್ಟರ್ ಅಷ್ಟು ಬಿಡುವುದಿಲ್ಲ. ಮೀಟರಿನಲ್ಲಿ ವೋಲ್ಟೇಜ್ ಇದ್ದು ಬಲ್ಬು ಹೊತ್ತದಿದ್ದರೆ ಅದು ಸೆನ್ಸರ್ ವಯರ್. ಎರಡೂ ಇದ್ದರೆ ಪವರ್ ವಯರ್. ಹಳೆಯ ಟೆಸ್ಟ್ ಲ್ಯಾಂಪನ್ನು ಎಸೆಯಬೇಡಿ ಅಂತ ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಉಳಿದ ಎರಡು ಸಪೂರ ವಯರಿನಲ್ಲಿ ವೋಲ್ಟೇಜ್ ಸೊನ್ನೆ. ಸ್ವಿಚ್ ತೆಗೆದು ಓಮ್‌ನಲ್ಲಿ ನೋಡಿದರೆ ಎರಡೂ ಅರ್ತಿಗೆ ನೇರ ಕೂಡಿದ್ದವು. ಅವು ಎರಡು ಟ್ಯಾಂಕಿನ ಕಾಮನ್. ಪ್ಯಾನಲಿನೊಳಗೆ ಎರಡೂ ಒಂದೇ ಕಡೆ ಸೇರುವುದರಿಂದ ಯಾವುದು ಯಾವ ಟ್ಯಾಂಕಿಗೆ ಹೋದರೂ ತೊಂದರೆ ಇಲ್ಲ.

ದಪ್ಪ ವಯರ್‌ಗಳಲ್ಲಿ ಎರಡು ಅಡಿಯ ದೀಪದ್ದು. ದೀಪದ ಸ್ವಿಚ್ ಹಾಕಿದ ಕೂಡಲೇ ಟೆಸ್ಟ್ ಲ್ಯಾಂಪ್ ಹೊತ್ತಿತು. ಕೊನೆಯ ಎರಡು ಮೊದಲಿಗೆ ಸತ್ತ ಹಾಗೆ ಕಂಡವು. ಕೊಳೆ ಟ್ಯಾಂಕ್ ಖಾಲಿ ಮಾಡುವ ಮೋಟರ್ ವಾಲ್ವಿನ ಸ್ವಿಚ್ಚನ್ನು ಒಳಗಿಂದ ಒತ್ತಿಸಿದೆ. ‘ತೆರೆ’ ಒತ್ತಿದಾಗ ಒಂದರಲ್ಲಿ 12 ವೋಲ್ಟ್, ‘ಮುಚ್ಚು’ ಒತ್ತಿದಾಗ ಇನ್ನೊಂದರಲ್ಲಿ. ಇಂಥ ವಾಲ್ವ್ ಪ್ಲಸ್ ಮೈನಸ್ ಅದಲು ಬದಲಾದರೆ ತೆರೆಯುತ್ತದೆ, ಮುಚ್ಚುತ್ತದೆ. ಆ ಎರಡರಲ್ಲಿ ಒಂದೇ ಕುಡಿಯುವ ನೀರಿನ ಟ್ಯಾಂಕಿನ ಸ್ಕ್ರೂಗೆ ಸಿಕ್ಕಿಸಿದ್ದ ವಯರ್. ವಾಲ್ವ್ ಸ್ವಿಚ್ ಒತ್ತಿದಾಗಲೆಲ್ಲ ಆ ಸ್ಕ್ರೂಗೆ ಪೂರ್ತಿ 12 ವೋಲ್ಟ್ ಹೋಗುತ್ತಿತ್ತು. ಅದರಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಆದರೆ ಸ್ಕ್ರೂ ಕರಗಿ ಆ ಲೋಹ ಕುಡಿಯುವ ನೀರಿಗೆ ಸೇರುತ್ತದೆ. ಮಕ್ಕಳು ಕುಡಿಯುವ ನೀರು ಅಲ್ವಾ. ಅಂದಾಜಿನಲ್ಲಿ ವಯರ್ ಸಿಕ್ಕಿಸುವುದು ಬೇಡ ಅಂತ ನಾನು ಹಟ ಹಿಡಿಯುವುದು ಇಂಥದ್ದನ್ನು ನೋಡಿದ ಮೇಲೆ.

ಯಾವುದು ಯಾವ ದೀಪದ್ದು

ಈಗ ಆರು ವಯರ್ ಉಳಿದವು. ಯಾವುದು ಯಾವ ಟ್ಯಾಂಕಿನ ಯಾವ ಮಟ್ಟದ್ದು ಅಂತ ಪ್ಯಾನಲನ್ನೇ ಕೇಳಬೇಕು. ಕಾಮನ್ ವಯರಿಗೂ ಒಂದು ಸೆನ್ಸರ್ ವಯರಿಗೂ ನಡುವೆ 10 ಕಿಲೊ ಓಮಿನ ರೆಸಿಸ್ಟರ್ ಇಟ್ಟೆ. ಒಳಗೆ ನಿಂತ ಮನೆಯ ಮಗಳು ಯಾವ ದೀಪ ಉರಿಯಿತು ಅಂತ ಕೂಗಿ ಹೇಳಿದಳು. ಆರಕ್ಕೆ ಆರೂ ದೀಪ ಒಂದೊಂದಾಗಿ ಹೊತ್ತಿದವು. ಟ್ಯಾಂಕಿನ ಹೆಸರು, ಮಟ್ಟ ಬರೆದು ಆಗಲೇ ಸ್ಲೀವ್ ಹಾಕಿದೆ. ಪ್ಯಾನಲಿಗೆ ಏನೂ ಆಗಿಲ್ಲ ಅಂತಲೂ ಅಲ್ಲಿಗೆ ಖಾತ್ರಿಯಾಯಿತು.

ರೆಸಿಸ್ಟರ್ ಬದಲು ಸುಮ್ನೆ ವಯರಿಗೆ ವಯರ್ ಮುಟ್ಟಿಸಿದರೂ ದೀಪ ಉರಿಯುತ್ತಿತ್ತು. ಆದರೆ ರೆಸಿಸ್ಟರ್ ಇಟ್ಟರೆ ಇನ್ನೊಂದು ವಿಷಯ ತಿಳಿಯುತ್ತದೆ. 10 ತೆಗೆದು 22 ಕಿಲೊ ಓಮ್ ಇಟ್ಟೆ, ದೀಪ ಉರಿಯಿತು. 47 ಇಟ್ಟೆ, ಉರಿಯಲಿಲ್ಲ. ಅಂದರೆ ಈ ಪ್ಯಾನಲಿಗೆ ‘ನೀರುಂಟು’ ಅಂತ ಖಾತ್ರಿಯಾಗಿ ಅನಿಸಬೇಕಾದರೆ ಎರಡು ಸ್ಕ್ರೂಗಳ ನಡುವಿನ ನೀರಿನ ರೆಸಿಸ್ಟೆನ್ಸ್ 22 ಕಿಲೊ ಓಮಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಈ ಒಂದು ಅಂಕೆ ಗೊತ್ತಿಲ್ಲದಿದ್ದರೆ ಮುಂದಿನ ಸಮಸ್ಯೆ ಬಿಡಿಸಲು ಆಗುತ್ತಿರಲಿಲ್ಲ.

ಸ್ಕ್ರೂಗಳು ಹೇಳಿದ್ದು

ಟ್ಯಾಂಕಿನ ಕಡೆ ಗುರುತು ಹಿಡಿಯುವುದು ಸುಲಭ ಅಂತ ಕಾಣುತ್ತದೆ. ಎತ್ತರ ನೋಡಿದರಾಯಿತು. ಒಳ್ಳೆ ನೀರಿನ ಟ್ಯಾಂಕ್ 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ. ಸ್ಕ್ರೂಗಳು ತಳದಿಂದ 2, 10, 20, 28 ಸೆಂಟಿಮೀಟರಿಗೆ. 10ರದ್ದು 40 ಲೀಟರ್, 20ರದ್ದು 80 ಲೀಟರ್. ಕೊಳೆ ಟ್ಯಾಂಕ್ ಮಾತ್ರ ತಳಕ್ಕೆ ಹೋದಂತೆ ಸಪೂರ. ಅದರಲ್ಲಿ ಅರ್ಧ ಎತ್ತರಕ್ಕೆ ನೀರು ಬಂದರೂ ಅರ್ಧ ಟ್ಯಾಂಕ್ ಆಗಿರುವುದಿಲ್ಲ. ಬಕೆಟಿನಲ್ಲಿ ಅಳೆದು ಸುರಿದೇ ನೋಡಬೇಕು.

ಒಳ್ಳೆ ನೀರಿನ ಟ್ಯಾಂಕ್ ಖಾಲಿ ಮಾಡಿ ಸ್ಕ್ರೂಗಳನ್ನು ಬಿಚ್ಚಿದೆ. ತಳದ ಕಾಮನ್ ಸ್ಕ್ರೂ ಹೊಸತರ ಹಾಗೆ ಇತ್ತು. ಅದರ ಮೇಲಿನ 40 ಲೀಟರಿನ ಸ್ಕ್ರೂ ಸವೆದ ಪೆನ್ಸಿಲಿನ ಹಾಗೆ ಗಿಡ್ಡ, ತುದಿ ಚೂಪು, ಮೈಯೆಲ್ಲ ಕಂದು ಹುಡಿ. 80 ಲೀಟರಿನದ್ದು ಅರ್ಧ ತಿಂದುಹೋಗಿತ್ತು. ಪೂರ್ತಿಯದ್ದಕ್ಕೆ ಸ್ವಲ್ಪ ಮಾತ್ರ ತುಕ್ಕು. ಅಯಸ್ಕಾಂತ ಹಿಡಿದರೆ ನಾಲ್ಕೂ ಗಟ್ಟಿಯಾಗಿ ಅಂಟಿದವು. ಸ್ಟೇನ್‌ಲೆಸ್ ಅಲ್ಲ, ಬಿಳಿ ಪ್ಲೇಟಿಂಗ್ ಮಾಡಿದ ಕಬ್ಬಿಣ.

ಈ ಸವೆತದ ಹಿಂದೆ ಲೆಕ್ಕ ಉಂಟು. ಮಟ್ಟದ ಸ್ಕ್ರೂಗಳು ಪ್ಲಸ್, ಕಾಮನ್ ಮೈನಸ್. ನೀರಿನಲ್ಲಿ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್ ಹರಿದರೆ ಪ್ಲಸ್ ಕಡೆಯ ಕಬ್ಬಿಣ ಕರಗುತ್ತದೆ, ಮೈನಸ್ ಕಡೆಯದ್ದು ಉಳಿಯುತ್ತದೆ. ಕೆಳಗಿನ ಸ್ಕ್ರೂ ಹೆಚ್ಚು ಹೊತ್ತು ನೀರಿನಲ್ಲಿರುವುದರಿಂದ ಹೆಚ್ಚು ಕರಗಿತು. ವಯರೂ ಇಲ್ಲ, ಚಿತ್ರವೂ ಇಲ್ಲ ಅಂದರೂ ಈ ಸವೆತ ನೋಡಿಯೇ ಯಾವುದು ಕಾಮನ್, ಯಾವುದು ಯಾವ ಮಟ್ಟದ್ದು ಅಂತ ಹೇಳಬಹುದಿತ್ತು.

ಆದರೆ ಇಷ್ಟು ಸಣ್ಣ ಕರೆಂಟಿಗೆ ಇಷ್ಟು ಸವೆತ ಯಾಕೆ? ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು ಒಂದು ಗ್ರಾಂ ಕಬ್ಬಿಣ ಕರಗುತ್ತದೆ. ಒತ್ತಿದಾಗ ಮಾತ್ರ ಕರೆಂಟ್ ಹೋಗುವ ಪ್ಯಾನಲಾದರೆ ಒಂದು ಗ್ರಾಂ ಕರಗಲು ಎಷ್ಟೋ ವರ್ಷ ಬೇಕು. ಪ್ಯಾನಲ್ ಬಿಚ್ಚಿ ನೋಡಿದರೆ ಕಾರಣ ಸಿಕ್ಕಿತು. ಮೊದಲಿನ ಒತ್ತು ಬಟನ್ ತೆಗೆದು ಹಾಕಿದರೆ ಹಾಕಿಯೇ ಇರುವ ಸಾದಾ ಸ್ವಿಚ್ ಕೂರಿಸಿದ್ದರು. ಮನೆಯವರು ಕೊಳ್ಳುವ ಮೊದಲೇ ಆದ ಬದಲಾವಣೆ. ರಾತ್ರಿ ಹಗಲು ಅದು ಆನ್. 0.2 ಮಿಲಿ ಆಂಪಿಯರ್ ಅಂತ ಇಟ್ಟುಕೊಂಡರೂ ವರ್ಷವಿಡೀ ಹರಿದರೆ ಒಂದೂವರೆ ಗ್ರಾಂ ದಾಟುತ್ತದೆ. ಸಣ್ಣ ಸ್ಕ್ರೂಗೆ ಅದು ಸಣ್ಣ ಲೆಕ್ಕವಲ್ಲ. ಮತ್ತೆ ಒತ್ತು ಬಟನ್ ಹಾಕಿದೆ. ಸೆನ್ಸರ್ ರಿಪೇರಿಗಿಂತ ಇದೇ ಮುಖ್ಯ ಕೆಲಸ ಅಂತ ನನ್ನ ಲೆಕ್ಕ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ಹೊಸ ಸ್ಕ್ರೂ ಮತ್ತೆ ಸವೆಯುತ್ತಿತ್ತು.

ಸುರಂಗದ ನೀರು

ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ವಯರ್ ಕೂಡಿಸಿ, ಮನೆಯ ಪೈಪಿನಿಂದ ನೀರು ತುಂಬಿಸಿದೆವು. 40 ಲೀಟರ್ ದಾಟಿದರೂ ದೀಪ ಬರಲಿಲ್ಲ. 50ರ ಹೊತ್ತಿಗೆ ಮಂಕಾಗಿ ಮಿಣುಕಿ ಆರಿತು.

ಮನೆಯ ಹಿರಿಯರ ಮುಖ ಸಣ್ಣದಾಯಿತು. “ಎಂತ ಮಾರಾಯಾ, ಪ್ಯಾನಲ್ ಸರಿ ಉಂಟು ಅಂದಿಯಲ್ಲ?”

ಪ್ಯಾನಲ್ ಸರಿ ಇತ್ತು. ಸ್ಕ್ರೂ ಸರಿ ಇತ್ತು, ವಯರ್ ಸರಿ ಇತ್ತು. ಉಳಿದದ್ದು ನೀರು ಒಂದೇ.

ಇವರ ಮನೆಗೆ ನೀರು ಬರುವುದು ಸುರಂಗದಿಂದ. ಕಾಸರಗೋಡಿನವರಿಗೆ ಸುರಂಗ ಅಂದರೇನು ಅಂತ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲಕ್ಕೆ ಕೊರೆದ ಬಾವಿ ಅದು. ಗುಡ್ಡ ಹೀರಿಕೊಂಡ ಮಳೆನೀರು ಒಸರಿ ತನ್ನಷ್ಟಕ್ಕೇ ಹರಿದು ಹೊರಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆ ಮಳೆ ಎಷ್ಟೋ ಕಾಲದಿಂದ ಗುಡ್ಡವನ್ನು ತೊಳೆಯುತ್ತಾ ಬಂದಿದೆ. ಸುಲಭವಾಗಿ ಕರಗುವ ಸುಣ್ಣ, ಉಪ್ಪುಗಳೆಲ್ಲ ಯಾವತ್ತೋ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಇರುವ ಕೆಂಪು ಕಲ್ಲು ಉಳಿದಿದೆ. ಹಾಗಾಗಿ ಅದರಿಂದ ಒಸರುವ ನೀರು ತುಂಬ ಮೃದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಚಹಾ ಚೆನ್ನಾಗಿ ಆಗುತ್ತದೆ. ಆದರೆ ಕರೆಂಟ್ ಹರಿಯಬೇಕಾದರೆ ನೀರಿನಲ್ಲಿ ಕರಗಿದ ಉಪ್ಪಿನ ಅಂಶ ಬೇಕು. ಅದೇ ಇಲ್ಲಿ ಕಡಿಮೆ.

ಫಿಲ್ಟರ್ ಕೂರಿಸುವವರು ಇಟ್ಟುಕೊಳ್ಳುವ ಟಿಡಿಎಸ್ ಪೆನ್ ತರಿಸಿ ಅದ್ದಿ ನೋಡಿದೆ. ನೀರಿನಲ್ಲಿ ಕರಗಿದ ಅಂಶ ಲೀಟರಿಗೆ ಸುಮಾರು ಎಷ್ಟು ಮಿಲಿಗ್ರಾಂ ಅಂತ ಅದು ತೋರಿಸುತ್ತದೆ. ಸುರಂಗದ ನೀರು 30ರ ಹತ್ತಿರ. ಪಕ್ಕದ ಮನೆಯ ಬೋರ್‌ವೆಲ್ ನೀರು 250ರ ಹತ್ತಿರ. ಸ್ಕ್ರೂಗಳ ನಡುವೆ ಓಮ್ ಮೀಟರ್ ಇಟ್ಟೆ. ಸುರಂಗದ ನೀರಿಗೆ 35 ಕಿಲೊ ಓಮ್. ಒಂದು ಬಕೆಟ್ ಬೋರ್‌ವೆಲ್ ನೀರಿನಲ್ಲಿ ಅಂಥದ್ದೇ ಎರಡು ಸ್ಕ್ರೂ ಇಳಿಸಿ ನೋಡಿದರೆ ನಾಲ್ಕರ ಆಸುಪಾಸು. ಪ್ಯಾನಲಿಗೆ ಬೇಕಾದ್ದು 22. ಕಾರಣ ಕಣ್ಣೆದುರಿಗೇ ಬಂತು. ಈ ಗಾಡಿಯನ್ನು ಬೇರೆ ಎಲ್ಲೋ ಗಡಸು ನೀರಿನ ಊರಿನಲ್ಲಿ ಕಟ್ಟಿರಬೇಕು. ಅಲ್ಲಿ ಗಿಡ್ಡ ಸ್ಕ್ರೂ ಸಾಕಾಗಿದ್ದಿರಬಹುದು. ಮನೆಯವರನ್ನು ಕೇಳಿದಾಗ ಒಂದು ಮಾತು ಹೊರಬಂತು. ಮೊದಲೂ ಮನೆಯಿಂದ ನೀರು ತುಂಬಿಸಿದಾಗ ದೀಪ ಒಮ್ಮೆ ಉರಿಯುತ್ತಿತ್ತು, ಒಮ್ಮೆ ಇಲ್ಲ. ಪ್ರವಾಸದಲ್ಲಿ ಹೊರಗೆ ಎಲ್ಲಾದರೂ ತುಂಬಿಸಿದರೆ ಸರಿ ಇರುತ್ತಿತ್ತು.

ಓಮ್ ಮೀಟರಿನಲ್ಲಿ ನೀರನ್ನು ಅಳೆಯುವವರಿಗೆ ಒಂದು ಎಚ್ಚರಿಕೆ. ಅಂಕೆ ನಿಲ್ಲುವುದಿಲ್ಲ. 35 ಅಂತ ತೋರಿಸಿದ್ದು ನೋಡ್ತಾ ನೋಡ್ತಾ 40, 45 ಅಂತ ಏರುತ್ತದೆ. ಕಡ್ಡಿಗಳನ್ನು ಅದಲು ಬದಲು ಮಾಡಿದರೆ ಕುಸಿದು ಮತ್ತೆ ಏರುತ್ತದೆ. ಮೀಟರ್ ಕೆಟ್ಟದ್ದಲ್ಲ. ಮೀಟರಿನ ಡಿಸಿ ಕರೆಂಟಿಗೆ ಸ್ಕ್ರೂವಿನ ಮೈಮೇಲೆ ಒಂದು ಪದರ ಕಟ್ಟುತ್ತದೆ, ಅದು ತಡೆಯಾಗುತ್ತದೆ. ಮುಟ್ಟಿಸಿದ ಕೂಡಲೇ ಬರುವ ಅಂಕೆ ಬರೆದುಕೊಳ್ಳಿ. ಈ ಏರಿಕೆ ಗುರುತು ಹಿಡಿಯಲೂ ಸಹಾಯಕ್ಕೆ ಬರುತ್ತದೆ: ಅಂಕೆ ಹರಿದಾಡಿದರೆ ಅದು ನೀರಿನ ಸ್ಕ್ರೂ, ಗಟ್ಟಿಯಾಗಿ ನಿಂತರೆ ಬುರುಡೆಯ ಸೆನ್ಸರ್ ಅಥವಾ ರೆಸಿಸ್ಟರ್.

ಖಾತ್ರಿ ಮಾಡಿಕೊಳ್ಳಲು ಸುರಂಗದ ನೀರಿನ ಒಂದು ಬಕೆಟಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿದೆ. ಓಮ್ ಒಮ್ಮೆಗೇ ಕೆಳಗೆ ಬಿತ್ತು. “ಹಾಗಾದರೆ ಟ್ಯಾಂಕಿಗೇ ಒಂದು ಮುಷ್ಟಿ ಉಪ್ಪು ಹಾಕಿದರೆ ಆಗದಾ?” ಅಂತ ಮನೆಯ ಅಕ್ಕ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಪರೀಕ್ಷೆಗೆ ಆಗುತ್ತದೆ, ಬಳಕೆಗೆ ಬೇಡ. ಕುಡಿಯುವ ನೀರಿನ ರುಚಿ ಕೆಡುತ್ತದೆ, ಲೋಹದ ಭಾಗಗಳು ಬೇಗ ತಿಂದುಹೋಗುತ್ತವೆ. ಅಷ್ಟು ಒಳ್ಳೆಯ ನೀರಿಗೆ ದೀಪಕ್ಕೋಸ್ಕರ ಉಪ್ಪು ಹಾಕುವುದು ನನಗಂತೂ ಸರಿ ಕಾಣಲಿಲ್ಲ. ನೀರು ಹೇಗಿದೆಯೋ ಹಾಗೇ ಇರಲಿ, ಸ್ಕ್ರೂ ಅದಕ್ಕೆ ಹೊಂದಬೇಕು.

ಹೊಂದಿಸುವ ದಾರಿಯೂ ಇತ್ತು. ಎರಡು ಸ್ಕ್ರೂಗಳ ನಡುವಿನ ದೂರ ಜಾಸ್ತಿಯಾದರೆ ತಡೆ ಜಾಸ್ತಿ ಅಂತ ನಾವು ಸುಲಭವಾಗಿ ಎಣಿಸುತ್ತೇವೆ. ಇಂಥ ಸಣ್ಣ ಸ್ಕ್ರೂಗಳಲ್ಲಿ ಹಾಗಲ್ಲ. ತಡೆಯ ದೊಡ್ಡ ಪಾಲು ಇರುವುದು ಸ್ಕ್ರೂವಿನ ಮೈಗೆ ಹತ್ತಿರದ ನೀರಿನಲ್ಲೇ. ಅಲ್ಲಿಂದ ಆಚೆ ಇಡೀ ಟ್ಯಾಂಕಿನ ನೀರು ಕರೆಂಟಿಗೆ ಅಗಲವಾದ ದಾರಿ ಕೊಡುತ್ತದೆ. 10 ಸೆಂಟಿಮೀಟರಿನ ಸ್ಕ್ರೂಗೂ 28ರದ್ದಕ್ಕೂ ಮೀಟರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಬೇಕಾದ್ದು ನೀರಿಗೆ ತಾಗುವ ಮೈ. ಒಳಗೆ 10 ಮಿಲಿಮೀಟರ್ ಚಾಚುತ್ತಿದ್ದ ಸ್ಕ್ರೂ ತೆಗೆದು 40 ಮಿಲಿಮೀಟರ್ ಚಾಚುವ ಉದ್ದದ ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಕಾಮನ್ ಸೇರಿ ನಾಲ್ಕಕ್ಕೂ. ಒಂದೇ ಕಡೆ ಉದ್ದ ಮಾಡಿದರೆ ಇನ್ನೊಂದು ಕಡೆಯ ತಡೆ ಹಾಗೇ ಉಳಿಯುತ್ತದೆ. ಅದೇ ಸುರಂಗದ ನೀರಿಗೆ ಮೀಟರ್ 16 ಕಿಲೊ ಓಮಿಗೆ ಇಳಿಯಿತು. ಮತ್ತೆ ತುಂಬಿಸಿದಾಗ 40ಕ್ಕೆ ಒಂದು ದೀಪ, 80ಕ್ಕೆ ಎರಡನೆಯದು, ಮೇಲೆ ಮೂರನೆಯದು. ಮಿಣುಕದೆ, ಗಟ್ಟಿಯಾಗಿ.

ಖಾಲಿ ಟ್ಯಾಂಕಿನ ಸುಳ್ಳು ದೀಪ

ಕೊಳೆ ಟ್ಯಾಂಕಿನ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಸಾಬೂನು, ಸಾರು, ಉಪ್ಪು ಎಲ್ಲ ಇರುವುದರಿಂದ ಕರೆಂಟ್ ಬೇಕಾದ್ದಕ್ಕಿಂತ ಸುಲಭವಾಗಿ ಹರಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಎರಡು ಸ್ಕ್ರೂಗಳ ನಡುವೆ ಮೀಟರ್ ಏನೂ ತೋರಿಸಬಾರದು. ಇಲ್ಲಿ 12 ಕಿಲೊ ಓಮ್ ತೋರಿಸಿತು. ಸ್ಕ್ರೂ ಬಿಚ್ಚಿದ ತೂತಿನಲ್ಲಿ ಬೆರಳು ಹಾಕಿದರೆ ಗೋಡೆಯ ಒಳಮೈ ಜಾರುತ್ತಿತ್ತು. ತೆಂಗಿನೆಣ್ಣೆ ಜಿಡ್ಡಿಗೆ ಸಾಬೂನು ಸೇರಿ ಒದ್ದೆ ಪದರವಾಗಿತ್ತು. ಅದೇ ಸ್ಕ್ರೂಗಳನ್ನು ಕೂಡಿಸುತ್ತಿತ್ತು.

ಅರ್ಧ ಟ್ಯಾಂಕ್ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಾಡಿಯನ್ನು ಕುಂಬಳೆವರೆಗೆ ಓಡಿಸಿಕೊಂಡು ಬರಲು ಹೇಳಿದೆ. ತಿರುವು, ಏರು ಇಳಿಜಾರಿನಲ್ಲಿ ನೀರು ಅಲ್ಲಾಡಿ ಗೋಡೆ ತಾನಾಗಿ ತೊಳೆಯುತ್ತದೆ. ಕುದಿಯುವ ನೀರು ಹಾಕಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಂದ ಮೇಲೆ ಖಾಲಿ ಮಾಡಿ ಅಳೆದರೆ ತಡೆ ಮೇಲೆ ಹೋಗಿತ್ತು, ಸುಳ್ಳು ದೀಪವೂ ಹೋಗಿತ್ತು.

ಇದೇ ಸುಳ್ಳು ದೀಪ ಹೊರಗಿನಿಂದಲೂ ಬರಬಹುದು. ಟ್ಯಾಂಕ್ ಅಡಿಯಲ್ಲಿದೆ. ಮಳೆಗಾಲದಲ್ಲಿ ಚಕ್ರ ಎರಚಿದ ಕೆಸರು ಸ್ಕ್ರೂಗಳ ಹೊರ ತುದಿಗಳಿಗೆ ಮೆತ್ತಿಕೊಂಡರೆ ಒಳಗೆ ಖಾಲಿ ಇದ್ದರೂ ಹೊರಗಿನಿಂದಲೇ ಸರ್ಕೀಟ್ ಕೂಡುತ್ತದೆ. ನಮ್ಮ ಕಡೆ ಇದು ದೊಡ್ಡ ವಿಷಯ.

“ಹೊರಗೆ ಅಂಟಿಸುವ ಪಟ್ಟಿ ಹಾಕಿದರೆ ಈ ರಗಳೆ ಇಲ್ಲವಲ್ಲ?” ಅಂದರು ಹಿರಿಯರು. ಹೌದು, ನೀರಿಗೆ ತಾಗದ ಕಾರಣ ಜಿಡ್ಡು, ಉಪ್ಪಿನ ತೊಂದರೆ ಅದಕ್ಕೆ ಕಡಿಮೆ. ಆದರೆ ಅದಕ್ಕೆ ಅದರದ್ದೇ ಪ್ಯಾನಲ್ ಬೇಕು. ಸರಿ ಇರುವ ಪ್ಯಾನಲ್ ಬಿಸಾಡಿ ಹೊಸತು ತರುವ ಅಗತ್ಯ ಈಗ ಇಲ್ಲ ಅಂತ ಹೇಳಿದೆ.

ಕೂಡಿಸಿದ ಬಗೆ

ಹಳೆಯ ವಯರ್ ತುದಿಗಳು ಕಿಲುಬು ಹಿಡಿದು ಕಪ್ಪಾಗಿದ್ದವು. ಮೇಲಿನ ಸ್ಲೀವ್ ಚೆನ್ನಾಗಿ ಕಂಡರೂ ಒಳಗಿನ ತಾಮ್ರ ಒಂದಷ್ಟು ದೂರ ಕಪ್ಪಗೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಸ್ಕ್ರೂಗೆ ಸಿಕ್ಕಿಸುವ ಲೋಹದ ಉಂಗುರ (ರಿಂಗ್ ಲಗ್) ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗಿ ಬಿಗಿಯುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಬರೇ ತಿರುಚಿ ಟೇಪ್ ಸುತ್ತುವುದು ಗಾಡಿಯ ಅಡಿಯಲ್ಲಿ ಒಂದು ಮಳೆಗಾಲಕ್ಕೂ ಬರುವುದಿಲ್ಲ.

ಸ್ಕ್ರೂ ಕೂರುವುದು ಒಳಗೆ ಹಿತ್ತಾಳೆ ನಟ್ ಇರುವ ರಬ್ಬರ್ ಬುಶ್‌ನಲ್ಲಿ. ಸ್ಕ್ರೂ ಬಿಗಿ ಮಾಡಿದಾಗ ಆ ರಬ್ಬರ್ ಒಳಗೆ ಉಬ್ಬಿ ತೂತು ಮುಚ್ಚುತ್ತದೆ. ನೀರು ಸೋರಬಾರದು ಅಂತ ಬಲವಾಗಿ ತಿರುಗಿಸಿದರೆ ರಬ್ಬರ್ ಹರಿದು ಅಲ್ಲೇ ಸೋರುತ್ತದೆ. ಕೈಗೆ ಗಟ್ಟಿ ಅನಿಸಿದ ಮೇಲೆ ಇನ್ನೊಂಚೂರು, ಅಷ್ಟೆ. ಹಳೆಯ ರಬ್ಬರ್‌ಗಳು ಬಿರುಕು ಬಿಟ್ಟಿದ್ದವು, ಎಂಟನ್ನೂ ಬದಲಿಸಿದೆ. ಮೊದಲು ಲಗ್ ಕೂರಿಸಿ ಮೀಟರಿನಲ್ಲಿ ನೋಡಿ, ಆಮೇಲೆ ಹೊರ ತುದಿಗಳಿಗೆ ಸಿಲಿಕೋನ್ ಹಚ್ಚಿದೆ. ಸಿಲಿಕೋನಿನಲ್ಲೂ ಜಾತಿ ಉಂಟು. ಒಣಗುವಾಗ ವಿನೆಗರ್ ವಾಸನೆ ಬರುವಂಥದ್ದು ತಾಮ್ರವನ್ನು ತಿನ್ನುತ್ತದೆ. ಆ ವಾಸನೆ ಇಲ್ಲದ ನ್ಯೂಟ್ರಲ್ ಜಾತಿಯದ್ದೇ ಬೇಕು. ಕುಡಿಯುವ ನೀರಿನ ಟ್ಯಾಂಕಿನ ಒಳಗಡೆಗೆ ಯಾವ ಅಂಟನ್ನೂ ಹಚ್ಚಲಿಲ್ಲ.

ಎರಡೂ ಟ್ಯಾಂಕ್ ತುಂಬಿಸಿ, ಅಡಿಯಲ್ಲಿ ಹಳೆ ಪೇಪರ್ ಹಾಸಿ ರಾತ್ರಿ ಇಡೀ ಬಿಟ್ಟೆವು. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು. ಆಮೇಲೆ ವಾಲ್ವ್ ತೆರೆದು ಕೊಳೆ ಟ್ಯಾಂಕ್ ಇಳಿಸುತ್ತಾ ದೀಪಗಳು ಮೇಲಿನಿಂದ ಒಂದೊಂದಾಗಿ ಆರುವುದನ್ನೂ ನೋಡಿದೆವು. ಏರುವಾಗ ಸರಿ ತೋರಿಸಿದರೆ ಸಾಲದು, ಇಳಿಯುವಾಗಲೂ ತೋರಿಸಬೇಕು. ಜಿಡ್ಡು ಉಳಿದಿದ್ದರೆ ಗೊತ್ತಾಗುವುದು ಇಳಿಯುವಾಗಲೇ.

ಇಷ್ಟೆಲ್ಲ ಆರು ಸಣ್ಣ ದೀಪಕ್ಕಾ ಅಂತ ಯಾರಾದರೂ ಕೇಳಬಹುದು. ಒಳ್ಳೆ ನೀರಿನ ಟ್ಯಾಂಕ್ ತುಂಬಿದರೆ ಗಾಡಿಯ ಒಂದು ಬದಿಗೆ 120 ಕಿಲೊ ಭಾರ. ರಾಣಿಪುರಂ ಏರಿಗೆ ಹೋಗುವಾಗ ಎಷ್ಟು ಹೊತ್ತುಕೊಂಡು ಹೋಗುತ್ತಿದ್ದೇವೆ ಅಂತ ಡ್ರೈವರಿಗೆ ಗೊತ್ತಿರಬೇಕು. ಕೊಳೆ ಟ್ಯಾಂಕ್ ತುಂಬಿದ್ದು ಗೊತ್ತಾಗದೆ ಉಕ್ಕಿದರೆ ಆ ನೀರು ಬೀಳುವುದು ಯಾರದೋ ಅಂಗಳಕ್ಕೆ, ಯಾವುದೋ ತೋಡಿಗೆ. ಇನ್ನೊಬ್ಬರ ಊರಿಗೆ ಹೋಗಿ ಅಲ್ಲಿ ಕೊಳೆ ಚೆಲ್ಲಿ ಬರುವುದು ನಮಗೆ ಮರ್ಯಾದೆಯಲ್ಲ.

ವಯರ್‌ಗಳ ಪಟ್ಟಿಯನ್ನು ಎರಡು ಪ್ರತಿ ಬರೆದೆ. ಒಂದನ್ನು ಲ್ಯಾಮಿನೇಟ್ ಮಾಡಿಸಿ ಪ್ಯಾನಲಿನ ಹಿಂದಿನ ಬಾಗಿಲಿಗೆ ಅಂಟಿಸಿದ್ದೇನೆ, ಇನ್ನೊಂದು ಮನೆಯ ಅಕ್ಕನ ಮೊಬೈಲಿನಲ್ಲಿ ಫೋಟೊ. ಮುಂದೆ ಯಾರೇ ಟ್ಯಾಂಕ್ ಇಳಿಸಿದರೂ ಮೊದಲು ಅದನ್ನು ತೋರಿಸಿ ಅಂದಿದ್ದೇನೆ. ಕೊಳೆ ಟ್ಯಾಂಕಿಗೆ ತಿಂಗಳಿಗೊಮ್ಮೆ ಲಿಕ್ವಿಡ್ ಹಾಕಿ ಓಡಿಸಬೇಕು. ಮಳೆಗಾಲ ಮುಗಿದ ಮೇಲೆ ಅಡಿಯ ಸಿಲಿಕೋನ್ ಎಲ್ಲಾದರೂ ಎದ್ದಿದೆಯಾ ಅಂತ ನೋಡಲು ಗಾಡಿ ತರಲು ಹೇಳಿದ್ದೇನೆ. ಆಗ ಒಳ್ಳೆ ನೀರಿನ ಟ್ಯಾಂಕಿನ 40 ಲೀಟರಿನ ಸ್ಕ್ರೂ ಒಂದನ್ನು ಬಿಚ್ಚಿ ಮೈ ನೋಡುತ್ತೇನೆ. ಒತ್ತು ಬಟನ್ ಹಾಕಿದ್ದು ಕೆಲಸ ಮಾಡಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ.